ಪರದೆ ತಾನಾಗಿ ಆರಲಿ: ಕಚೇರಿ ಕಂಪ್ಯೂಟರ್‌ನ ಮಾನಿಟರಿಗೆ ವಿದ್ಯುತ್ ಉಳಿತಾಯದ ವ್ಯವಸ್ಥೆ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ಕರಾವಳಿಯವರಿಗೆ ರೈಲಿನ ಕಿಟಕಿಯಿಂದ ಪರಿಚಯವಾದ ಊರುಗಳು. ಘಟ್ಟ ಇಳಿದ ಮೇಲೆ ತೆಂಗು, ಅಡಿಕೆ, ರಾಗಿ, ಈರುಳ್ಳಿ ಕಾಣಿಸುವ ಬಯಲು ಸೀಮೆಯ ಅಂಚು ಅದು. ಅಲ್ಲಿನ ಧರ್ಮಕೇಂದ್ರಗಳು ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಆದರೂ ಒಂದು ವಿಷಯದಲ್ಲಿ ನಾವೂ ಅವರೂ ಒಂದೇ ಮನೆಯವರು: ಮಂಗಳೂರಿನ ಚರ್ಚ್ ಕಚೇರಿಗೂ ತರೀಕೆರೆಯ ಚರ್ಚ್ ಕಚೇರಿಗೂ ವಿದ್ಯುತ್ ಬಿಲ್ಲು ಬರುವುದು ಮೆಸ್ಕಾಂನಿಂದಲೇ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಹಾಗೂ ಚಿಕ್ಕಮಗಳೂರು, ಈ ನಾಲ್ಕು ಜಿಲ್ಲೆಗಳಿಗೆ 2002ರಿಂದ ವಿದ್ಯುತ್ ಹಂಚುತ್ತಿರುವುದು ಅದೇ ಕಂಪನಿ. ಹಾಗಾಗಿ ಆ ಮೂರು ತಾಲ್ಲೂಕುಗಳ ಕಚೇರಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದ ಈ ಲೇಖನ ಇಲ್ಲಿಯವರಿಗೂ ಉಪಯೋಗಕ್ಕೆ ಬರಬಹುದು.

ವಿಷಯ ಸಣ್ಣದು. ಕಂಪ್ಯೂಟರ್ ಮುಂದೆ ಯಾರೂ ಇಲ್ಲದಾಗ ಮಾನಿಟರ್ ತಾನಾಗಿಯೇ ಆರಬೇಕು, ಯಾರಾದರೂ ಮೌಸ್ ಮುಟ್ಟಿದ ಕೂಡಲೇ ತಾನಾಗಿಯೇ ಬೆಳಗಬೇಕು. ಇದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಮೂವತ್ತು ವರ್ಷಗಳಿಂದ ಈ ಅನುಕೂಲ ಪ್ರತಿಯೊಂದು ಕಂಪ್ಯೂಟರಿನಲ್ಲೂ ಇದೆ. ಆದರೆ ಕಚೇರಿಗಳಲ್ಲಿ ಅದು ಬಂದ್ ಆಗಿರುವುದೇ ಹೆಚ್ಚು. ಕಂಪ್ಯೂಟರ್ ಜೋಡಿಸಿಕೊಡಲು ಬಂದವರು ಸಾಫ್ಟ್‌ವೇರ್ ಹಾಕುವಾಗ ನಡುವೆ ಪರದೆ ಆರಬಾರದೆಂದು 'ನೆವರ್' ಎಂದು ಇಟ್ಟು, ಕೆಲಸ ಮುಗಿಸಿ ಹಾಗೆಯೇ ಹೋಗಿರುತ್ತಾರೆ. ಆ ಮೇಲೆ ಯಾರೂ ಅದನ್ನು ನೋಡುವುದಿಲ್ಲ.

ಸ್ಕ್ರೀನ್ ಸೇವರ್ ಉಳಿತಾಯವಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಪರದೆಯ ಮೇಲೆ ಮೀನು ಈಜುವುದು, ಪೈಪುಗಳು ಬೆಳೆಯುವುದು, ಸಂತರ ಚಿತ್ರಗಳು ಒಂದರ ಹಿಂದೆ ಒಂದು ಬರುವುದು, ಇವೆಲ್ಲ ಸ್ಕ್ರೀನ್ ಸೇವರ್‌ಗಳು. ಹೆಸರಿನಲ್ಲಿ 'ಸೇವರ್' ಇದೆ, ಆದುದರಿಂದ ಕರೆಂಟು ಉಳಿಯುತ್ತದೆ ಎಂದು ಅನೇಕರು ನಂಬಿದ್ದಾರೆ. ಅದು ಉಳಿಸುತ್ತಿದ್ದುದು ಕರೆಂಟನ್ನಲ್ಲ, ಪರದೆಯನ್ನು. ಹಳೆಯ ಕಾಲದ, ಹಿಂದೆ ಉಬ್ಬಿದ ಸಿಆರ್‌ಟಿ ಮಾನಿಟರುಗಳ ಗಾಜಿನ ಒಳಗೆ ರಂಜಕದ ಲೇಪವಿರುತ್ತಿತ್ತು. ಒಂದೇ ಚಿತ್ರ ದಿನಗಟ್ಟಲೆ ನಿಂತರೆ ಅದರ ಅಚ್ಚು ಆ ಲೇಪದಲ್ಲಿ ಉಳಿದುಬಿಡುತ್ತಿತ್ತು. ಅದನ್ನು ತಪ್ಪಿಸಲು ಚಲಿಸುವ ಚಿತ್ರಗಳು ಬಂದವು. ಆಗಲೂ ಮಾನಿಟರ್ ಪೂರ್ತಿ ಕರೆಂಟು ತಿನ್ನುತ್ತಲೇ ಇತ್ತು.

ಈಗಿನ ಚಪ್ಪಟೆ ಮಾನಿಟರುಗಳಲ್ಲಿ ಕಪ್ಪು ಬಣ್ಣದ ಸ್ಕ್ರೀನ್ ಸೇವರ್ ಹಾಕಿದರೂ ಹೆಚ್ಚಿನ ಪ್ರಯೋಜನವಿಲ್ಲ. ಎಲ್‌ಸಿಡಿ ಪರದೆಯ ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಮುಂದಿನ ಪದರ ಆ ಬೆಳಕನ್ನು ಬೇಕಾದಲ್ಲಿ ಬಿಡುತ್ತದೆ, ಬೇಡವಾದಲ್ಲಿ ತಡೆಯುತ್ತದೆ. ಕಪ್ಪು ಚಿತ್ರವೆಂದರೆ ಬೆಳಕು ತಡೆಯಲ್ಪಟ್ಟಿದೆ ಎಂದಷ್ಟೇ ಅರ್ಥ. ಕಿಟಕಿಗೆ ಪರದೆ ಎಳೆದರೆ ಹೊರಗಿನ ಸೂರ್ಯ ಆರುತ್ತಾನೆಯೇ? ಹಿಂದಿನ ದೀಪವೇ ಆರಬೇಕು. ಅದಕ್ಕೆ ಮಾನಿಟರ್ ಮಲಗಬೇಕು.

ಮಾನಿಟರಿಗೆ ಮಲಗಲು ಹೇಳುವುದು ಹೇಗೆ?

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ 'ಎನರ್ಜಿ ಸ್ಟಾರ್' ಎಂಬ ಗುರುತನ್ನು ಆರಂಭಿಸಿತು. ಅದರಡಿ ಮೊದಲು ಬಂದ ವಸ್ತುಗಳೇ ಕಂಪ್ಯೂಟರ್ ಮತ್ತು ಮಾನಿಟರ್. ಹಳೆಯ ಕಂಪ್ಯೂಟರ್ ಚಾಲೂ ಆಗುವಾಗ ಮೂಲೆಯಲ್ಲಿ ಒಂದು ನಕ್ಷತ್ರದ ಚಿತ್ರ ಕಾಣುತ್ತಿದ್ದುದು ಹಲವರಿಗೆ ನೆನಪಿರಬಹುದು, ಅದು ಇದೇ. ಮರುವರ್ಷ, 1993ರಲ್ಲಿ, ವೀಸಾ ಎಂಬ ತಾಂತ್ರಿಕ ಸಂಘಟನೆ (ಪ್ರಯಾಣದ ವೀಸಾ ಅಲ್ಲ) ಕಂಪ್ಯೂಟರ್ ಮಾನಿಟರಿಗೆ ಯಾವ ರೀತಿ ಸೂಚನೆ ಕೊಡಬೇಕೆಂಬ ನಿಯಮವನ್ನು ಹೊರತಂದಿತು. ಅದರ ಹೆಸರು ಡಿಪಿಎಂಎಸ್.

ಅದರ ಉಪಾಯ ಸರಳ. ಮಾನಿಟರಿಗೆ ಹೋಗುವ ತಂತಿಯಲ್ಲಿ ಚಿತ್ರದ ಜೊತೆಗೆ ಎರಡು ತಾಳಗಳೂ ಹೋಗುತ್ತವೆ. ಒಂದು, ಪ್ರತಿ ಗೆರೆ ಎಲ್ಲಿ ಶುರುವಾಗಬೇಕು ಎನ್ನುವುದಕ್ಕೆ. ಇನ್ನೊಂದು, ಪ್ರತಿ ಪೂರ್ಣ ಚಿತ್ರ ಎಲ್ಲಿ ಶುರುವಾಗಬೇಕು ಎನ್ನುವುದಕ್ಕೆ. ಮೊದಲನೆಯ ತಾಳ ನಿಂತರೆ ಮಾನಿಟರ್ ತೂಕಡಿಸುತ್ತದೆ, ಎರಡನೆಯದು ನಿಂತರೆ ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ಎರಡೂ ನಿಂತರೆ ಹೆಚ್ಚುಕಡಿಮೆ ಪೂರ್ತಿ ಆರುತ್ತದೆ. ಬೇರೆ ತಂತಿ ಬೇಡ, ಬೇರೆ ಸ್ವಿಚ್ಚು ಬೇಡ. ಈಗಿನ ಎಚ್‌ಡಿಎಂಐ, ಡಿಸ್‌ಪ್ಲೇ ಪೋರ್ಟ್ ತಂತಿಗಳಲ್ಲಿ ಈ ಮೂರು ಹಂತಗಳಿಲ್ಲ. ಸಂಕೇತ ನಿಂತಿತೆಂದರೆ ಮಾನಿಟರ್ ಮಲಗಿತು, ಅಷ್ಟೇ. ಮಾನಿಟರಿನ ಕೆಳಗಿನ ಸಣ್ಣ ದೀಪ ಹಸಿರು ಅಥವಾ ನೀಲಿಯಿಂದ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಅಥವಾ ಮೆಲ್ಲನೆ ಮಿಟುಕಿದರೆ ಅದು ಮಲಗಿದೆ ಎಂದು ತಿಳಿಯಿರಿ. ಮಲಗಿದ ಹೊಸ ಮಾನಿಟರ್ ಬಳಸುವುದು ಅರ್ಧ ವ್ಯಾಟ್ ಆಸುಪಾಸು.

ಎಷ್ಟು ಉಳಿಯುತ್ತದೆ? ಪ್ರಾಮಾಣಿಕ ಲೆಕ್ಕ

17 ಇಂಚಿನ ಹಳೆಯ ಸಿಆರ್‌ಟಿ ಮಾನಿಟರ್ ಸುಮಾರು 80 ವ್ಯಾಟ್ ತೆಗೆದುಕೊಳ್ಳುತ್ತಿತ್ತು. ಇಂದಿನ ಸಾಮಾನ್ಯ ಎಲ್ಇಡಿ ಮಾನಿಟರಿಗೆ 20 ವ್ಯಾಟ್ ಸಾಕು. ಚರ್ಚ್ ಕಚೇರಿ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿದ್ದು, ಅದರಲ್ಲಿ ಕಂಪ್ಯೂಟರ್ ಮುಂದೆ ಯಾರಾದರೂ ನಿಜವಾಗಿ ಕುಳಿತಿರುವುದು ಮೂರು ಗಂಟೆ ಎಂದುಕೊಳ್ಳೋಣ. ಉಳಿದ ಐದು ಗಂಟೆ 20 ವ್ಯಾಟ್‌ನಂತೆ 100 ವ್ಯಾಟ್-ಗಂಟೆ, ಅಂದರೆ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ. ವರ್ಷಕ್ಕೆ 300 ದಿನ ಹಿಡಿದರೆ 30 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಎಂದು ಇಟ್ಟುಕೊಂಡರೆ 240 ರೂಪಾಯಿ. ರಾತ್ರಿಯೂ ಮಾನಿಟರ್ ಉರಿಯುವ ಕಚೇರಿಯಾದರೆ ಅದರ ಮೇಲೆ ಇನ್ನೊಂದು 96 ಯೂನಿಟ್ ಸೇರುತ್ತದೆ.

ಒಂದು ಕಂಪ್ಯೂಟರಿನ ಮಟ್ಟಿಗೆ ಇದು ದೊಡ್ಡ ಮೊತ್ತವಲ್ಲ. ಇದರಿಂದ ಕಚೇರಿಯ ಬಿಲ್ಲು ಅರ್ಧಕ್ಕೆ ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚರ್ಚಿನ ಪಂಪು, ಫ್ಯಾನು, ದೀಪಗಳ ಮುಂದೆ ಮಾನಿಟರ್ ಏನೂ ಅಲ್ಲ. ಆದರೆ ಶಾಲೆಯ ಕಂಪ್ಯೂಟರ್ ಕೊಠಡಿಯ ಲೆಕ್ಕ ಬೇರೆ. 20 ಕಂಪ್ಯೂಟರುಗಳಿರುವ ಕೊಠಡಿಯಲ್ಲಿ ತರಗತಿಗಳ ನಡುವೆ ದಿನಕ್ಕೆ ನಾಲ್ಕು ಗಂಟೆ ಖಾಲಿ ಉರಿದರೆ 1.6 ಯೂನಿಟ್, 200 ಶಾಲಾ ದಿನಗಳಿಗೆ 320 ಯೂನಿಟ್. ಹಳೆಯ ಸಿಆರ್‌ಟಿ ಇದ್ದಿದ್ದರೆ ಇದರ ನಾಲ್ಕು ಪಟ್ಟು, ಜೊತೆಗೆ ಅಷ್ಟೂ ಬಿಸಿ ಕೊಠಡಿಯಲ್ಲೇ. ಕಡೂರಿನ ಏಪ್ರಿಲ್ ಬಿಸಿಲಿನಲ್ಲಿ ಅದು ಸಣ್ಣ ಮಾತಲ್ಲ.

ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ಇನ್ನೊಂದು ಅಂಶವನ್ನು ಗಮನಿಸಬೇಕು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಎಲ್ಲ ಮನೆಗಳಿಗೂ 200 ಯೂನಿಟ್ ಉಚಿತವೆಂದು ಹಲವರು ತಿಳಿದಿದ್ದಾರೆ. 200 ಎನ್ನುವುದು ಮೇಲಿನ ಮಿತಿ. ಆ ಮನೆಯ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಉಚಿತ ಪ್ರಮಾಣವನ್ನು ನಿಗದಿಪಡಿಸಲಾಯಿತು. ತೀರಾ ಕಡಿಮೆ ಬಳಸುವ ಮನೆಗಳಿಗೆ 2024ರಲ್ಲಿ ಅದನ್ನು 10 ಯೂನಿಟ್ ಹೆಚ್ಚುವರಿ ಎಂದು ಬದಲಾಯಿಸಲಾಯಿತು. ಆ ಅಂಚಿನಲ್ಲಿರುವ ಮನೆಗೆ ತಿಂಗಳಿಗೆ ನಾಲ್ಕೈದು ಯೂನಿಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಯೋಜನೆ ಗೃಹಬಳಕೆಗೆ ಮಾತ್ರ. ಚರ್ಚ್ ಕಚೇರಿಗೂ ಶಾಲೆಗೂ ಅದರ ಲಾಭವಿಲ್ಲ.

ಕರೆಂಟು ಹೋದಾಗ

ಬಯಲು ಸೀಮೆಯ ಕಚೇರಿಗಳಲ್ಲಿ ಹಣಕ್ಕಿಂತ ಮುಖ್ಯವಾದುದು ಯುಪಿಎಸ್. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದಲ್ಲಿ ವಿದ್ಯುತ್ ಕೊರತೆಯಾದಾಗ ಹಳ್ಳಿಗಳ ಕಡೆ ಯುಪಿಎಸ್ಸಿನ ಬೆಲೆ ಏನೆಂದು ಎಲ್ಲರಿಗೂ ಗೊತ್ತಾಯಿತು. ಮೇಜಿನ ಕೆಳಗೆ ಇಡುವ 600 ವಿಎ ಯುಪಿಎಸ್ಸಿನ ಒಳಗೆ ಸಾಮಾನ್ಯವಾಗಿ 12 ವೋಲ್ಟ್, 7 ಆಂಪೇರ್-ಗಂಟೆಯ ಒಂದು ಬ್ಯಾಟರಿ ಇರುತ್ತದೆ. ಕಾಗದದ ಮೇಲೆ ಅದು 84 ವ್ಯಾಟ್-ಗಂಟೆ. ಆದರೆ ಈ ಬಗೆಯ ಬ್ಯಾಟರಿಯನ್ನು ಬೇಗ ಖಾಲಿ ಮಾಡಿದರೆ ಕೈಗೆ ಸಿಗುವುದು ಅರ್ಧದಷ್ಟು ಮಾತ್ರ. 40 ಎಂದು ಹಿಡಿಯಿರಿ. ಕಂಪ್ಯೂಟರಿಗೆ 60 ವ್ಯಾಟ್, ಮಾನಿಟರಿಗೆ 20 ವ್ಯಾಟ್ ಆದರೆ ಒಟ್ಟು 80 ವ್ಯಾಟ್, ಅರ್ಧ ಗಂಟೆ ಬರುತ್ತದೆ. ಮಾನಿಟರ್ ಮಲಗಿದ್ದರೆ 60 ವ್ಯಾಟ್ ಮಾತ್ರ, ಸುಮಾರು 40 ನಿಮಿಷ ಬರುತ್ತದೆ. ಹಳೆಯ ಬ್ಯಾಟರಿಗೆ ಎರಡೂ ಅಂಕಿಗಳನ್ನು ಕಡಿಮೆ ಮಾಡಿಕೊಳ್ಳಿ. ಗುಮಾಸ್ತರು ಹೊರಗೆ ಹೋಗಿದ್ದಾಗ ಕರೆಂಟು ಹೋಗಿ, ಅರ್ಧ ಬರೆದ ವಾರದ ಪ್ರಕಟಣೆ ಪರದೆಯ ಮೇಲಿದ್ದರೆ, ಆ ಹತ್ತು ನಿಮಿಷದಲ್ಲಿ ಯಾರಾದರೂ ಬಂದು ಅದನ್ನು ಉಳಿಸಬಹುದು.

ಇಲ್ಲಿ ಅನೇಕರಿಗೆ ತಿಳಿಯದ ಒಂದು ಸಂಗತಿ ಇದೆ. ಯುಪಿಎಸ್ಸಿನ ಹಿಂದೆ ಯುಎಸ್‌ಬಿ ಕಿಂಡಿ ಇದ್ದು ಅದನ್ನು ಕಂಪ್ಯೂಟರಿಗೆ ಜೋಡಿಸಿದರೆ, ಅನೇಕ ಯುಪಿಎಸ್‌ಗಳನ್ನು ವಿಂಡೋಸ್ ಬ್ಯಾಟರಿ ಎಂದು ಗುರುತಿಸುತ್ತದೆ. ಆಗ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪಿನಂತೆ 'ಬ್ಯಾಟರಿಯಲ್ಲಿದ್ದಾಗ' ಎಂಬ ಎರಡನೇ ಸಾಲು ಕಾಣಿಸುತ್ತದೆ. ಕರೆಂಟು ಇದ್ದಾಗ 10 ನಿಮಿಷ, ಇಲ್ಲದಾಗ 1 ಅಥವಾ 2 ನಿಮಿಷ ಎಂದು ಇಡಬಹುದು. ತಂತಿ ಜೋಡಿಸದಿದ್ದರೆ ಕರೆಂಟು ಹೋದದ್ದು ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. (ಲೇಸರ್ ಪ್ರಿಂಟರನ್ನು ಮಾತ್ರ ದಯವಿಟ್ಟು ಯುಪಿಎಸ್ಸಿಗೆ ಸಿಕ್ಕಿಸಬೇಡಿ, ಅದು ಬಿಸಿಯಾಗುವ ಕ್ಷಣದಲ್ಲಿ ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಾಳದು.)

ಸೆಟ್ಟಿಂಗ್ ಎಲ್ಲಿದೆ?

ವಿಂಡೋಸ್ 10ರಲ್ಲಿ ಸ್ಟಾರ್ಟ್ ಒತ್ತಿ, ಹಲ್ಲಿನ ಚಕ್ರದಂತಿರುವ ಸೆಟ್ಟಿಂಗ್ಸ್ ತೆರೆಯಿರಿ. ಸಿಸ್ಟಂ ಒಳಗೆ 'ಪವರ್ ಅಂಡ್ ಸ್ಲೀಪ್' ಎಂಬುದಿದೆ. ಅಲ್ಲಿ ಎರಡು ಭಾಗಗಳು: ಮೇಲೆ 'ಸ್ಕ್ರೀನ್', ಕೆಳಗೆ 'ಸ್ಲೀಪ್'. ನಮಗೆ ಬೇಕಾದುದು ಮೇಲಿನದು. ಅದನ್ನು 10 ನಿಮಿಷಕ್ಕೆ ಇಡಿ. ಪ್ರತ್ಯೇಕವಾಗಿ ಉಳಿಸುವ ಗುಂಡಿ ಇಲ್ಲ, ಆರಿಸಿದ ಕೂಡಲೇ ಜಾರಿಗೆ ಬರುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಆಮೇಲೆ 'ಪವರ್'. ಅದರೊಳಗೆ ಸ್ಕ್ರೀನ್ ಮತ್ತು ಸ್ಲೀಪ್ ಎಂದಿರುವ ಸಾಲನ್ನು ಬಿಡಿಸಿದರೆ ಇವೇ ಆಯ್ಕೆಗಳು ಸಿಗುತ್ತವೆ. ವಿಂಡೋಸ್ 7 ಇರುವಲ್ಲಿ ಕಂಟ್ರೋಲ್ ಪ್ಯಾನೆಲ್‌ನ 'ಪವರ್ ಆಪ್ಷನ್ಸ್'ಗೆ ಹೋಗಿ, ಎಡಗಡೆಯಲ್ಲಿ ಡಿಸ್‌ಪ್ಲೇ ಯಾವಾಗ ಆರಬೇಕು ಎಂದು ಕೇಳುವ ಸಾಲನ್ನು ಒತ್ತಬೇಕು.

ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಕಡತಗಳಿಗಾಗಿ ಇನ್ನೂ ವಿಂಡೋಸ್ ಎಕ್ಸ್‌ಪಿ ಯಂತ್ರವನ್ನು ಮೂಲೆಯಲ್ಲಿ ಇಟ್ಟುಕೊಂಡವರಿದ್ದಾರೆ. ಅಲ್ಲಿ ಖಾಲಿ ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಸ್ಕ್ರೀನ್ ಸೇವರ್, ಕೆಳಗಿನ 'ಪವರ್' ಗುಂಡಿ; 'ಟರ್ನ್ ಆಫ್ ಮಾನಿಟರ್' ಎದುರು ನಿಮಿಷ ಆರಿಸಿ ಓಕೆ ಒತ್ತಿ. ಮೈಕ್ರೋಸಾಫ್ಟ್ ಎಕ್ಸ್‌ಪಿಗೆ 2014ರಲ್ಲಿ, ವಿಂಡೋಸ್ 7ಕ್ಕೆ 2020ರಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದೆ. ಮಾನಿಟರ್ ಆರುವುದಕ್ಕೆ ಅದರಿಂದ ತೊಂದರೆಯಿಲ್ಲ, ಆದರೆ ಅಂತಹ ಹಳೆಯ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸದೆ ಇಡುವುದು ಒಳಿತು.

ಲಿನಕ್ಸ್ ಬಳಸುವವರಿಗೆ: ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ 'ಪವರ್' ಭಾಗದಲ್ಲಿ 'ಸ್ಕ್ರೀನ್ ಬ್ಲಾಂಕ್' ಎಂಬ ಹೆಸರಿನಲ್ಲಿ ಇದೇ ಅನುಕೂಲವಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಂದ ಬಂದ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ; ಕೇರಳದ ಶಾಲೆಗಳಲ್ಲಿ ಬಹಳ ವರ್ಷಗಳಿಂದ ಲಿನಕ್ಸೇ ಇದೆ.

ಸ್ಲೀಪ್ ಬೇರೆ, ಪರದೆ ಆರುವುದು ಬೇರೆ

ಗೊಂದಲವಾಗುವುದು ಇಲ್ಲಿಯೇ, ಆದುದರಿಂದ ಸ್ವಲ್ಪ ನಿಂತು ಓದಿ. ಪರದೆ ಆರಿದಾಗ ಕಂಪ್ಯೂಟರ್ ಎಚ್ಚರವಾಗಿಯೇ ಇರುತ್ತದೆ. ಡೌನ್‌ಲೋಡ್ ಮುಂದುವರಿಯುತ್ತದೆ, ಪಕ್ಕದ ಕೊಠಡಿಯಿಂದ ಯಾರಾದರೂ ಈ ಕಂಪ್ಯೂಟರಿನ ಮೂಲಕ ಪ್ರಿಂಟ್ ಕೊಟ್ಟರೆ ಪ್ರಿಂಟ್ ಬರುತ್ತದೆ. 'ಸ್ಲೀಪ್' ಆದಾಗ ಹಾಗಲ್ಲ. ಕಂಪ್ಯೂಟರೇ ಮಲಗುತ್ತದೆ, ಡೌನ್‌ಲೋಡ್ ನಿಲ್ಲುತ್ತದೆ, ನೆಟ್‌ವರ್ಕ್ ಪ್ರಿಂಟರ್ ಸಿಗುವುದಿಲ್ಲ. 'ಪವರ್ ಸೇವಿಂಗ್ ಹಾಕಿದ ಮೇಲೆ ಪ್ರಿಂಟ್ ಬರುತ್ತಿಲ್ಲ, ತೆಗೆದುಬಿಡಿ' ಎಂಬ ದೂರು ಬರುವುದು ಇವೆರಡನ್ನೂ ಒಂದೇ ಎಂದು ತಿಳಿದಾಗ. ಹಂಚಿಕೊಂಡ ಪ್ರಿಂಟರ್ ಇರುವ ಕಂಪ್ಯೂಟರಿನಲ್ಲಿ ಸ್ಕ್ರೀನ್ 10 ನಿಮಿಷ, ಸ್ಲೀಪ್ 'ನೆವರ್' ಎಂದು ಇಟ್ಟರೆ ದೂರು ಇರದು. ಒಬ್ಬರೇ ಬಳಸುವ ಕಂಪ್ಯೂಟರಾದರೆ ಸ್ಲೀಪನ್ನೂ 30 ನಿಮಿಷಕ್ಕೆ ಇಡುವುದು ಜಾಣತನ, ಏಕೆಂದರೆ ಮಾನಿಟರಿಗಿಂತ ಪೆಟ್ಟಿಗೆಯೇ ಹೆಚ್ಚು ಕರೆಂಟು ತಿನ್ನುತ್ತದೆ.

ಸಿಸಿಟಿವಿಯ ಮಾನಿಟರನ್ನು ಆರಿಸಿದರೆ ರೆಕಾರ್ಡಿಂಗ್ ನಿಲ್ಲುತ್ತದೆಂಬ ಭಯ ಹಲವು ಕಡೆ ಇದೆ. ರೆಕಾರ್ಡ್ ಮಾಡುವುದು ಡಿವಿಆರ್ ಪೆಟ್ಟಿಗೆ, ಮಾನಿಟರ್ ತೋರಿಸುತ್ತದೆ ಅಷ್ಟೇ. ಹಗಲೂ ರಾತ್ರಿಯೂ ಉರಿಯುವ ಆ ಮಾನಿಟರನ್ನು ಯಾರೂ ನೋಡದ ಹೊತ್ತಿನಲ್ಲಿ ಕೈಯಿಂದಲೇ ಆರಿಸಬಹುದು. ಕಚೇರಿಯ ಎಲ್ಲ ಮಾನಿಟರುಗಳಲ್ಲಿ ಅತಿ ಹೆಚ್ಚು ವ್ಯರ್ಥವಾಗುತ್ತಿರುವುದು ಬಹುಶಃ ಅದೇ.

ಇನ್ನು ಬಲಿಪೂಜೆಯ ವೇಳೆ ಗೀತೆಗಳ ಸಾಲುಗಳನ್ನು ಪ್ರೊಜೆಕ್ಟರಿನಲ್ಲಿ ತೋರಿಸುವ ಕಂಪ್ಯೂಟರ್. ಪ್ರಸಂಗದ ಹದಿನೈದು ನಿಮಿಷ ಯಾರೂ ಮೌಸ್ ಮುಟ್ಟದೆ, ಅರ್ಪಣೆಯ ಗೀತೆ ಶುರುವಾಗುವಾಗ ಗೋಡೆ ಖಾಲಿ! ಪವರ್‌ಪಾಯಿಂಟ್‌ನ ಪೂರ್ಣ ಪರದೆಯ ಸ್ಲೈಡ್ ಶೋ ನಡೆಯುತ್ತಿದ್ದರೆ ಸಾಮಾನ್ಯವಾಗಿ ಪರದೆ ಆರುವುದಿಲ್ಲ, ಅದು ತಾನೇ ತಡೆಯುತ್ತದೆ. ಆದರೆ ವರ್ಡ್ ಕಡತವನ್ನೋ ಪಿಡಿಎಫ್ ಅನ್ನೋ ಹಾಗೆಯೇ ತೆರೆದಿಟ್ಟು ತೋರಿಸಿದರೆ ಈ ರಕ್ಷಣೆ ಇಲ್ಲ. ಅಂತಹ ಕಂಪ್ಯೂಟರಿನಲ್ಲಿ 'ನೆವರ್' ಇರುವುದೇ ಸರಿ. ಪೂಜೆ ಮುಗಿದ ಮೇಲೆ ಹೇಗೂ ಅದನ್ನು ಪೂರ್ತಿ ಬಂದ್ ಮಾಡುತ್ತೀರಿ. 2020ರ ಕೊರೊನಾ ಕಾಲದಿಂದ ನೇರ ಪ್ರಸಾರ ಮಾಡುತ್ತಿರುವವರು ಸ್ಲೀಪನ್ನು 'ನೆವರ್' ಮಾಡಬೇಕು, ಇಲ್ಲದಿದ್ದರೆ ಪ್ರಸಾರವೇ ಕಡಿದುಹೋಗಬಹುದು.

ತೆರೆದ ಪರದೆ, ತೆರೆದ ದಾಖಲೆ

ಕರೆಂಟಿಗಿಂತ ಈ ಮಾತು ಮುಖ್ಯವೆಂದು ನನ್ನ ಅನಿಸಿಕೆ. ಚರ್ಚ್ ಕಚೇರಿಯ ಪರದೆಯ ಮೇಲೆ ದೀಕ್ಷಾಸ್ನಾನದ, ವಿವಾಹದ, ಮರಣದ ದಾಖಲೆಗಳು, ವಂತಿಗೆಯ ಲೆಕ್ಕ, ಸಹಾಯ ಕೇಳಿದ ಕುಟುಂಬಗಳ ಅರ್ಜಿಗಳು ಇರುತ್ತವೆ. ಗುಮಾಸ್ತರು ಎದ್ದು ಹೋದಾಗ ಎದುರು ಕುರ್ಚಿಯಲ್ಲಿ ಕುಳಿತವರಿಗೆ ಇವೆಲ್ಲ ಕಾಣಬೇಕಾಗಿಲ್ಲ.

ಪರದೆಯನ್ನು ಜನರಿಗೆ ತೋರಿಸಲೇಬೇಕಾದ ಸ್ಥಳಗಳೂ ಇವೆ. ಕರ್ನಾಟಕದಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ತಂದ 'ಭೂಮಿ' ಯೋಜನೆಯ ತಾಲ್ಲೂಕು ಕೇಂದ್ರಗಳಲ್ಲಿ ಒಂದು ಮಾನಿಟರ್ ಸಿಬ್ಬಂದಿಯ ಕಡೆಗೂ ಇನ್ನೊಂದು ರೈತರ ಕಡೆಗೂ ಮುಖ ಮಾಡಿರುವಂತೆ ವ್ಯವಸ್ಥೆ ಮಾಡಲಾಗಿತ್ತು. ತನ್ನ ಹೊಲದ ವಿವರ ಹೇಗೆ ನಮೂದಾಗುತ್ತಿದೆ ಎಂದು ರೈತ ತಾನೇ ನೋಡಲಿ ಎಂಬುದು ಉದ್ದೇಶ. ಅಜ್ಜಂಪುರ ಆಗಿನ್ನೂ ತರೀಕೆರೆ ತಾಲ್ಲೂಕಿನ ಹೋಬಳಿಯಾಗಿತ್ತು. ಅದು ಒಳ್ಳೆಯ ಕ್ರಮ. ಆದರೆ ಅಲ್ಲಿ ರೈತ ನೋಡುವುದು ತನ್ನದೇ ದಾಖಲೆಯನ್ನು. ನಮ್ಮ ಕಚೇರಿಯಲ್ಲಿ ಎದುರು ಕುಳಿತವರು ನೋಡಬಹುದಾದದ್ದು ಬೇರೆಯವರದ್ದು.

ಪರದೆ ಆರಿದರೆ ಸಾಲದು, ಮುಟ್ಟಿದ ಕೂಡಲೇ ಅದೇ ಪುಟ ತೆರೆದುಕೊಳ್ಳುತ್ತದೆ. ಬೀಗವೂ ಬೇಕು. ಏಳುವಾಗ ವಿಂಡೋಸ್ ಗುರುತಿನ ಕೀಲಿಯ ಜೊತೆ 'ಎಲ್' ಅಕ್ಷರವನ್ನು ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಕಂಪ್ಯೂಟರಿಗೆ ಬೀಗ ಬೀಳುತ್ತದೆ, ವಿಂಡೋಸ್ 10 ಮತ್ತು 11ರಲ್ಲಿ ಸುಮಾರು ಒಂದು ನಿಮಿಷದ ನಂತರ ಪರದೆಯೂ ಆರುತ್ತದೆ. ಮರೆಯುವವರಿಗಾಗಿ ನಾವು ಮೇಲೆ ಬೈದ ಸ್ಕ್ರೀನ್ ಸೇವರೇ ಇಲ್ಲಿ ಉಪಯೋಗಕ್ಕೆ ಬರುತ್ತದೆ: 'ಬ್ಲಾಂಕ್' ಎಂಬುದನ್ನು ಆರಿಸಿ, 5 ನಿಮಿಷ ಇಟ್ಟು, ಪಕ್ಕದಲ್ಲಿ 'ಆನ್ ರೆಸ್ಯೂಮ್' ಎಂದು ಶುರುವಾಗುವ ಚೌಕಕ್ಕೆ ಗುರುತು ಹಾಕಿ. 5 ನಿಮಿಷಕ್ಕೆ ಬೀಗ, 10 ನಿಮಿಷಕ್ಕೆ ಪರದೆ ಬಂದ್. ಖಾತೆಗೆ ಪಾಸ್‌ವರ್ಡ್ ಇದ್ದರೆ ಮಾತ್ರ ಇದಕ್ಕೆ ಅರ್ಥ, ಅದನ್ನು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸದಿದ್ದರೆ.

ಎಲ್ಲ ಮಾಡಿದರೂ ಆರದಿದ್ದರೆ

ಸಾಮಾನ್ಯ ಕಾರಣ ಮೌಸ್. ಕೆಂಪು ಬೆಳಕಿನ ಮೌಸನ್ನು ಗಾಜಿನ ಅಥವಾ ಹೊಳೆಯುವ ಸನ್ಮೈಕಾದ ಮೇಲೆ ಇಟ್ಟರೆ ಯಾರೂ ಮುಟ್ಟದಿದ್ದರೂ ಬಾಣ ಸಣ್ಣಗೆ ನಡುಗುತ್ತಿರುತ್ತದೆ. ಯಾರೋ ಕೆಲಸ ಮಾಡುತ್ತಿದ್ದಾರೆಂದು ಕಂಪ್ಯೂಟರ್ ಭಾವಿಸುತ್ತದೆ. ಕಚೇರಿ ರೈಲು ಹಳಿಯ ಪಕ್ಕದಲ್ಲಿದ್ದರೆ, ಬೀರೂರು-ಕಡೂರಿನ ಕಡೆ ಹಾಗೆ ಇರುವುದುಂಟು, ಗಾಡಿ ಹೋದಾಗ ಮೇಜು ಅದುರಿಯೂ ಪರದೆ ಎದ್ದೀತು. ಒಂದು ರಟ್ಟು ಅಥವಾ ಮೌಸ್ ಪ್ಯಾಡ್ ಸಾಕು. ಬ್ರೌಸರಿನ ಯಾವುದೋ ಕಿಟಕಿಯಲ್ಲಿ ವಿಡಿಯೋ ಓಡುತ್ತಿದ್ದರೂ ಪರದೆ ಆರುವುದಿಲ್ಲ.

ಒಂದು ಕಂಪ್ಯೂಟರಿನಲ್ಲಿ ಗುರುಗಳಿಗೆ, ಗುಮಾಸ್ತರಿಗೆ, ಯುವಜನರಿಗೆ ಬೇರೆ ಬೇರೆ ಖಾತೆಗಳಿದ್ದರೆ ಸ್ಕ್ರೀನ್ ಸೇವರಿನ ಬೀಗವನ್ನು ಪ್ರತಿ ಖಾತೆಗೂ ಹೋಗಿ ಪ್ರತ್ಯೇಕವಾಗಿ ಹಾಕಬೇಕು. ಒಬ್ಬರ ಖಾತೆಯಲ್ಲಿ ಹಾಕಿದ್ದು ಇನ್ನೊಬ್ಬರ ಖಾತೆಗೆ ಅನ್ವಯಿಸುವುದಿಲ್ಲ.